ಡಿಜಿಟಲ್ ಶಿಲ್ಪಕ್ಕೆ ದೇಹರಚನೆ ಎಷ್ಟು ಗೊತ್ತಿರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾರೆಕ್ಟರ್ ಸ್ಕಲ್ಪ್ಟಿಂಗ್, ಅಂದರೆ ಕಂಪ್ಯೂಟರಿನಲ್ಲಿ ಪಾತ್ರಗಳ ಮೂರು ಆಯಾಮದ ಮಾಡೆಲ್ ಕೆತ್ತುವುದನ್ನು ಕಲಿಯುವವರು ಕೆಲವೇ ತಿಂಗಳಲ್ಲಿ ಒಂದೇ ಜಾಗಕ್ಕೆ ಬಂದು ನಿಲ್ಲುತ್ತಾರೆ. ಬ್ರಷ್ ಕೈಗೆ ಕೂತಿರುತ್ತದೆ, ಚರ್ಮದ ಸುಕ್ಕು ಮೂಡಿಸುವುದೂ ಗೊತ್ತಿರುತ್ತದೆ, ಆದರೂ ಮಾಡಿದ ಮನುಷ್ಯ ಯಾಕೋ ಮನುಷ್ಯನ ಹಾಗೆ ಕಾಣುವುದಿಲ್ಲ. ಅಲ್ಲಿಂದ ಶುರುವಾಗುವ ಪ್ರಶ್ನೆಗಳು ಇವು.

ಒಳ್ಳೆ ಫೋಟೋ ಎದುರಿಗಿಟ್ಟುಕೊಂಡು ಮಾಡಿದರೆ ಸಾಲದಾ? ದೇಹರಚನೆ ಯಾಕೆ ಓದಬೇಕು?

ಫೋಟೋ ಬೇಕೇ ಬೇಕು. ಆದರೆ ಅದು ಒಂದು ಕಡೆಯಿಂದ ಮಾತ್ರ ನೋಡುತ್ತದೆ. ಚಿತ್ರ ಬರೆಯುವವರು ಗೊತ್ತಾಗದ ಜಾಗವನ್ನು ನೆರಳಲ್ಲಿ ಮುಳುಗಿಸಿ ಪಾರಾಗಬಹುದು. ನಮಗೆ ಆ ಸೌಕರ್ಯ ಇಲ್ಲ. ಮಾಡೆಲ್ ತಿರುಗಿಸಿದ ಕೂಡಲೇ ಗುಟ್ಟು ಬಯಲು.

ಇನ್ನೊಂದು ವಿಷಯ. ಫೋಟೋದಲ್ಲಿ ಒಂದು ಉಬ್ಬು ಕಾಣುತ್ತದೆ ಅಂದುಕೊಳ್ಳಿ. ಅದು ಮೂಳೆಯೋ, ಸ್ನಾಯುವೋ, ಕೊಬ್ಬೋ, ಸುಮ್ನೆ ಮಡಚಿಕೊಂಡ ಚರ್ಮವೋ? ಮೂಳೆಯಾದರೆ ಅಂಚು ಗಟ್ಟಿಯಾಗಿರಬೇಕು, ಕೈಕಾಲು ಆಡಿಸಿದರೂ ಆಕಾರ ಬದಲಾಗಬಾರದು. ಸ್ನಾಯುವಾದರೆ ಬಿಗಿದಾಗ ಗಿಡ್ಡವಾಗಿ ದಪ್ಪವಾಗುತ್ತದೆ. ಕೊಬ್ಬಾದರೆ ಭಾರಕ್ಕೆ ಕೆಳಗೆ ಜೋತು ಬೀಳುತ್ತದೆ. ಇದು ಗೊತ್ತಿಲ್ಲದೆ ನಕಲು ಮಾಡಿದರೆ ಎಲ್ಲ ಉಬ್ಬುಗಳೂ ಒಂದೇ ಥರ ಮೆತ್ತಗೆ ಬರುತ್ತವೆ. ಹೊಸಬರ ಕೆಲಸವನ್ನು ದೂರದಿಂದಲೇ ಗುರುತಿಸುವುದು ಇದರಿಂದ.

206 ಮೂಳೆ, 600ಕ್ಕೂ ಹೆಚ್ಚು ಸ್ನಾಯು. ಎಲ್ಲದರ ಹೆಸರು ಬಾಯಿಪಾಠ ಮಾಡಬೇಕಾ?

ಬೇಡ. ಲೆಕ್ಕ ನೋಡಿ ಹೆದರಬೇಡಿ. ಒಂದು ಕೈಯಲ್ಲಿ, ಅಂದರೆ ಮಣಿಕಟ್ಟಿನಿಂದ ಬೆರಳ ತುದಿವರೆಗೆ, 27 ಮೂಳೆ. ಒಂದು ಪಾದದಲ್ಲಿ 26. ಎರಡೂ ಕೈ, ಎರಡೂ ಪಾದ ಸೇರಿದರೆ 106 ಆಯಿತು. ಅರ್ಧಕ್ಕಿಂತ ಜಾಸ್ತಿ ಅಲ್ಲೇ ಮುಗಿಯಿತು. ತಲೆಬುರುಡೆಯಲ್ಲಿ 22 ಇದ್ದರೂ ನಮ್ಮ ಕೆಲಸಕ್ಕೆ ಅದು ಎರಡೇ ತುಂಡು: ಮೇಲಿನ ಬುರುಡೆ, ಕೆಳಗಿನ ದವಡೆ. ಸ್ನಾಯುಗಳಲ್ಲೂ ಬಹಳಷ್ಟು ಆಳದಲ್ಲಿವೆ, ಚರ್ಮದ ಮೇಲೆ ಅವುಗಳ ಸುಳಿವೇ ಇರುವುದಿಲ್ಲ. ನನ್ನ ಪ್ರಕಾರ ಐವತ್ತು ಅರವತ್ತು ಸ್ನಾಯುಗಳ ಪರಿಚಯ ಇದ್ದರೆ ಕೆಲಸ ಸರಾಗ.

ಹಾಗಂತ ಹೆಸರು ದಂಡ ಅಲ್ಲ. ಹೆಸರಲ್ಲೇ ವಿಳಾಸ ಇರುತ್ತದೆ. ಸ್ಟರ್ನೋಕ್ಲೈಡೋಮ್ಯಾಸ್ಟಾಯ್ಡ್ ಅಂದರೆ ನಾಲಿಗೆ ಹೊರಳುವುದಿಲ್ಲ ನಿಜ. ಆದರೆ ಸ್ಟರ್ನಮ್ ಅಂದರೆ ಎದೆಯ ನಡುಮೂಳೆ, ಕ್ಲಾವಿಕಲ್ ಅಂದರೆ ಕಾಲರ್ ಮೂಳೆ, ಮ್ಯಾಸ್ಟಾಯ್ಡ್ ಅಂದರೆ ಕಿವಿಯ ಹಿಂದೆ ಕೈಗೆ ಸಿಗುವ ಗಟ್ಟಿ ಗುಬುಟು. ಕತ್ತು ತಿರುಗಿಸಿದಾಗ ಎದ್ದು ಕಾಣುವ ಹುರಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಹೆಸರೇ ಹೇಳಿಬಿಟ್ಟಿತು ಅಲ್ವಾ? ಸ್ನಾಯು ಎಲ್ಲಿ ಹುಟ್ಟುತ್ತದೆ, ಎಲ್ಲಿ ಅಂಟುತ್ತದೆ ಅನ್ನುವುದಷ್ಟೇ ನಮಗೆ ಮುಖ್ಯ. ಈ ಎರಡು ತುದಿ ಗೊತ್ತಾದರೆ ನಡುವಿನ ಆಕಾರ ತಾನಾಗಿ ಅರ್ಥವಾಗುತ್ತದೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು?

ಮೂಳೆಯಿಂದ. ಅದರಲ್ಲೂ ಚರ್ಮದ ಕೆಳಗೇ ಬಂದು ಕೈಗೆ ತಾಗುವ ಮೂಳೆಯಿಂದ. ಎಲ್ಲರಿಗೂ ಮೊದಲು ಸ್ನಾಯುಗಳ ಆಸೆ. ನಾನೂ ಮೊದಲ ವರ್ಷವೆಲ್ಲ ಎದೆ, ತೋಳು, ಹೊಟ್ಟೆಯ ಪಟ್ಟೆಗಳನ್ನು ಕೊರೆಯುತ್ತಾ ಕೂತಿದ್ದೆ. ಅಡಿಯಲ್ಲಿ ಎದೆಗೂಡೇ ಚಪ್ಪಟೆ ಹಲಗೆಯಂತಿತ್ತು. ಮೇಲೆ ಎಷ್ಟು ಸ್ನಾಯು ಹಚ್ಚಿದರೂ ಹಲಗೆ ಹಲಗೆಯೇ.

ನಿಮ್ಮ ಮೈಯನ್ನೇ ಮುಟ್ಟಿ ನೋಡಿ. ಕತ್ತಿನ ಬುಡದಲ್ಲಿ ಎರಡು ಕಾಲರ್ ಮೂಳೆಗಳ ನಡುವಿನ ಗುಳಿ. ತಲೆ ಬಗ್ಗಿಸಿದಾಗ ಹಿಂಗತ್ತಿನ ಬುಡದಲ್ಲಿ ಎದ್ದು ನಿಲ್ಲುವ ಗಂಟು, ಅದು ಸಾಮಾನ್ಯವಾಗಿ ಕತ್ತಿನ ಏಳನೇ ಮೂಳೆ. ಇವೆರಡರಲ್ಲಿ ಹಿಂದಿನದು ಮೇಲಿದೆ, ಮುಂದಿನ ಗುಳಿ ಕೆಳಗಿದೆ. ಅಂದರೆ ಕತ್ತು ಭುಜದ ಮೇಲೆ ಕಂಬದ ಹಾಗೆ ನೆಟ್ಟಗೆ ನಿಂತಿಲ್ಲ, ಮುಂದಕ್ಕೆ ವಾಲಿಕೊಂಡಿದೆ. ಇದೊಂದನ್ನು ಸರಿಮಾಡಿದರೆ ಸಾಕು, ಅಂಗಡಿ ಗೊಂಬೆಯಂತೆ ಕಾಣುತ್ತಿದ್ದ ಮಾಡೆಲ್ ಉಸಿರಾಡಿದಂತೆ ಕಾಣುತ್ತದೆ.

ಹೀಗೆಯೇ ಭುಜದ ತುದಿ, ಮೊಣಕೈ, ಸೊಂಟದ ಮುಂದಿನ ಎರಡು ಮೊನೆ, ಬೆನ್ನಿನ ಕೆಳಗಿನ ಎರಡು ಗುಳಿ, ತೊಡೆಮೂಳೆ ಪಕ್ಕಕ್ಕೆ ಉಬ್ಬಿ ಬರುವ ಜಾಗ, ಮಂಡಿಚಿಪ್ಪು, ಮಂಡಿಯಿಂದ ಕಣಕಾಲಿನವರೆಗೆ ಕಾಲಿನ ಮುಂದಿನ ಏಣು. ಇವನ್ನು ಮೊದಲು ಮಾಡೆಲ್ ಮೇಲೆ ಚುಕ್ಕಿಯಂತೆ ಗುರುತು ಹಾಕಿ. ದಪ್ಪಗಿರುವವರಲ್ಲಿ ಈ ಗುರುತುಗಳು ಮಾಯವಾಗುವುದಿಲ್ಲ, ತಿರುಗುಮುರುಗಾಗುತ್ತವೆ: ಉಬ್ಬು ಇದ್ದಲ್ಲಿ ಗುಳಿ ಬೀಳುತ್ತದೆ. ಎಳೆ ಮಗುವಿನ ಬೆರಳ ಗೆಣ್ಣು ನೋಡಿ. ಸುತ್ತ ಕೊಬ್ಬು ತುಂಬಿಕೊಂಡು ಗೆಣ್ಣಿನ ಮೇಲೆ ಮಾತ್ರ ಪುಟ್ಟ ಪುಟ್ಟ ಗುಳಿ.

ಏಳೂವರೆ ತಲೆ, ಎಂಟು ತಲೆ ಅನ್ನುತ್ತಾರಲ್ಲ, ಯಾವುದು ಸರಿ?

ತಲೆಯ ಉದ್ದವನ್ನೇ ಅಳತೆ ಮಾಡಿಕೊಂಡು ಎತ್ತರ ಎಣಿಸುವ ಲೆಕ್ಕ ಇದು. ಎರಡೂ ಅಳತೆಕೋಲು ಅಷ್ಟೇ. ಸಾಮಾನ್ಯ ವಯಸ್ಕರ ಎತ್ತರ ಸುಮಾರು ಏಳೂವರೆ ತಲೆ. ನಾಯಕನ ಠೀವಿ ಬೇಕಾದರೆ ಎಂಟು. ಇದೇನು ಇವತ್ತಿನ ಚರ್ಚೆ ಅಲ್ಲ. ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ ಗ್ರೀಕ್ ಶಿಲ್ಪಿ ಪಾಲಿಕ್ಲೀಟಸ್ ಒಂದು ಅಳತೆ ಹಾಕಿಕೊಟ್ಟ. ಮುಂದಿನ ಶತಮಾನದ ಲಿಸಿಪಸ್ ತಲೆಯನ್ನು ಚಿಕ್ಕದು ಮಾಡಿ ಮೈಯನ್ನು ತೆಳ್ಳಗೆ ಮಾಡಿದ. ಎತ್ತರದ ಭಾವನೆ ತಾನಾಗಿ ಬಂತು. ನಾವು ಇವತ್ತಿಗೂ ಅದೇ ಆಟ ಆಡುತ್ತಿದ್ದೇವೆ. ಒಂದು ವರ್ಷದ ಮಗುವಾದರೆ ಸುಮಾರು ನಾಲ್ಕು ತಲೆ, ಮರೆಯಬೇಡಿ. ದೊಡ್ಡವರನ್ನು ಕುಗ್ಗಿಸಿದರೆ ಮಗು ಆಗುವುದಿಲ್ಲ.

ತಲೆ ಎಣಿಸುವುದಕ್ಕಿಂತ ನಾನು ನಾಲ್ಕು ಜಾಗ ತಾಳೆ ನೋಡುತ್ತೇನೆ. ನಿಂತಾಗ ದೇಹದ ನಡುಭಾಗ ಹೊಟ್ಟೆಯಲ್ಲಿಲ್ಲ, ಕಾಲುಗಳು ಸೇರುವಲ್ಲಿದೆ. ಕೈ ಇಳಿಬಿಟ್ಟರೆ ಮೊಣಕೈ ಸೊಂಟದ ಸಣ್ಣ ಭಾಗದ ಹತ್ತಿರ, ಮಣಿಕಟ್ಟು ತೊಡೆಮೂಳೆಯ ಪಕ್ಕದ ಉಬ್ಬಿನ ಹತ್ತಿರ, ಬೆರಳ ತುದಿ ತೊಡೆಯ ನಡುವಿಗೆ ಬರಬೇಕು. ಹೊಸಬರು ಕೈಯನ್ನು ಗಿಡ್ಡ ಮಾಡುತ್ತಾರೆ, ಪಾದವನ್ನಂತೂ ಕಂಡಾಪಟ್ಟೆ ಚಿಕ್ಕದು ಮಾಡುತ್ತಾರೆ.

ಮುಂಗೈ ಎಷ್ಟು ತಿದ್ದಿದರೂ ಕೊಳವೆ ಥರ ಬರುತ್ತದೆ. ಏನು ತಪ್ಪು?

ನನಗೆ ತುಂಬಾ ಇಷ್ಟದ ಪ್ರಶ್ನೆ ಇದು. ಮೌಸ್ ಬಿಡಿ, ಮೊಣಕೈಯನ್ನು ಮೇಜಿನ ಮೇಲೆ ಊರಿ. ಅಂಗೈ ನಿಮ್ಮ ಮುಖದ ಕಡೆ ಇರಲಿ. ಈಗ ಇನ್ನೊಂದು ಕೈಯ ಬೆರಳನ್ನು ಮೊಣಕೈ ತುದಿಯ ಗಟ್ಟಿ ಮೂಳೆಯ ಮೇಲಿಟ್ಟು, ಕಿರುಬೆರಳಿನ ಕಡೆಗೆ ನಿಧಾನ ಸವರಿಕೊಂಡು ಹೋಗಿ. ಮಣಿಕಟ್ಟಿನವರೆಗೂ ಒಂದು ಏಣು ಕೈಗೆ ಸಿಗುತ್ತದೆ, ಎಲ್ಲೂ ತಪ್ಪುವುದಿಲ್ಲ. ಅದು ಅಲ್ನಾ. ಕೊನೆಯಲ್ಲಿ ಮಣಿಕಟ್ಟಿನ ಹಿಂಬದಿ ಒಂದು ಗುಂಡು ಉಬ್ಬು ಇರುತ್ತದೆಯಲ್ಲ, ಅದು ಅದೇ ಮೂಳೆಯ ತಲೆ.

ಬೆರಳನ್ನು ಆ ಏಣಿನ ನಡುವಿನಲ್ಲೇ ಇಟ್ಟುಕೊಂಡು ಅಂಗೈಯನ್ನು ಆಚೆ ಕಡೆಗೆ ತಿರುಗಿಸಿ. ಏಣು ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು. ತಿರುಗಿದ್ದು ಹೆಬ್ಬೆರಳಿನ ಕಡೆಯದು. ಅಲ್ಲಿ ರೇಡಿಯಸ್ ಅನ್ನುವ ಇನ್ನೊಂದು ಮೂಳೆ ಇದೆ. ಅಂಗೈ ಮೇಲಿದ್ದಾಗ ಎರಡೂ ಅಕ್ಕಪಕ್ಕ ಸಮವಾಗಿರುತ್ತವೆ. ಅಂಗೈ ಕೆಳಗಾದಾಗ ರೇಡಿಯಸ್ ಹೊರಳಿ ಅಲ್ನಾದ ಮೇಲೆ ಅಡ್ಡ ಬರುತ್ತದೆ. ಕೈಪಂಜ ರೇಡಿಯಸ್ಸಿನ ಜೊತೆ ಹೋಗುತ್ತದೆ.

ಈ ಒಂದು ಮಾತಿನಿಂದ ಎಷ್ಟು ಬಿಡಿಸಿಕೊಳ್ಳುತ್ತದೆ ನೋಡಿ. ಅಲ್ನಾದ ಏಣು ಮುಂಗೈ ಸ್ನಾಯುಗಳಿಗೆ ಗಡಿ. ಅದರ ಒಂದು ಕಡೆ ಬೆರಳು ಮಡಚುವ ಗುಂಪು, ಇನ್ನೊಂದು ಕಡೆ ಬೆರಳು ಬಿಡಿಸುವ ಗುಂಪು. ಮೂರನೆಯ ಚಿಕ್ಕ ಗುಂಪು ಮೊಣಕೈಗಿಂತ ಮೇಲೆ, ತೋಳಿನ ಹೊರಬದಿಯಲ್ಲಿ ಹುಟ್ಟಿ ಹೆಬ್ಬೆರಳಿನ ಕಡೆಗೆ ಇಳಿಯುತ್ತದೆ. ಹೊಸಬರ ಮಾಡೆಲ್‌ನಲ್ಲಿ ಸಾಮಾನ್ಯವಾಗಿ ಕಾಣೆಯಾಗಿರುವುದು ಈ ಮೂರನೆಯದು. ಸ್ನಾಯುಗಳ ಮಾಂಸವೆಲ್ಲ ಮೊಣಕೈ ಹತ್ತಿರ, ಮಣಿಕಟ್ಟಿನ ಕಡೆ ಬರೀ ನರದಂತೆ ತೆಳುವಾದ ಹುರಿಗಳು. ಹಾಗಾಗಿ ಮೇಲೆ ದಪ್ಪ, ಕೆಳಗೆ ಚಪ್ಪಟೆ ಪೆಟ್ಟಿಗೆ. ಹೆಬ್ಬೆರಳು ಮೇಲೆ ಮಾಡಿ ಕೈ ಮುಂದೆ ಚಾಚಿದರೆ ಮೊಣಕೈಯ ಅಗಲ ಅಡ್ಡಕ್ಕಿರುತ್ತದೆ, ಮಣಿಕಟ್ಟಿನ ಅಗಲ ಉದ್ದಕ್ಕಿರುತ್ತದೆ. ಆ ತಿರುಚು ಮೆಶ್‌ನಲ್ಲಿ, ಅಂದರೆ ಮಾಡೆಲ್‌ನ ಮೇಲ್ಮೈ ಬಲೆಯಲ್ಲಿ, ಬರದೆ ಇದ್ದರೆ ಕೊಳವೆಯೇ ಗತಿ.

ಕೈ ಎತ್ತಿದಾಗ ಭುಜ ಕೆಟ್ಟು ಹೋಗುತ್ತದೆ, ಯಾಕೆ?

ತೋಳನ್ನು ಮಾತ್ರ ಎತ್ತಿರುತ್ತೀರಿ, ಅದಕ್ಕೆ. ಕೈಯನ್ನು ಪಕ್ಕದಿಂದ ತಲೆ ಮೇಲಕ್ಕೆ ಎತ್ತುವಾಗ ಸುಮಾರು 180 ಡಿಗ್ರಿ ಆಗುತ್ತದೆ. ಅದರಲ್ಲಿ ಭುಜದ ಕೀಲಿನ ಪಾಲು ಸುಮಾರು 120. ಉಳಿದ 60 ಹೆಗಲ ಹಿಂದಿನ ತ್ರಿಕೋನದ ಮೂಳೆ, ಅಂದರೆ ಸ್ಕ್ಯಾಪುಲಾ, ಪಕ್ಕೆಲುಬಿನ ಮೇಲೆ ಜಾರಿ ತಿರುಗುವುದರಿಂದ. ಅದರ ಜೊತೆ ಕಾಲರ್ ಮೂಳೆಯ ಹೊರತುದಿಯೂ ಮೇಲೇಳುತ್ತದೆ. ತೋಳಿಗೂ ಮುಂಡಕ್ಕೂ ಮೂಳೆಯ ಸಂಬಂಧ ಅಂತ ಇರುವುದು ಆ ಕಾಲರ್ ಮೂಳೆ ಒಂದೇ, ಉಳಿದದ್ದೆಲ್ಲ ಸ್ನಾಯುವಿನ ಜೋಲಿ.

ಕಂಕುಳು ನೋಡಿ. ಮುಂದಿನ ಗೋಡೆ ಎದೆಯ ಸ್ನಾಯುವಿನದು, ಹಿಂದಿನ ಗೋಡೆ ಬೆನ್ನಿನಿಂದ ಬರುವ ಲ್ಯಾಟಿಸಿಮಸ್‌ನದು. ಎದೆಯ ಸ್ನಾಯು ತೋಳಿಗೆ ಅಂಟುವ ಮೊದಲು ತಿರುಚಿಕೊಳ್ಳುತ್ತದೆ. ಕೈ ಇಳಿಬಿಟ್ಟಾಗ ಕಂಕುಳ ಮುಂದೆ ಆ ದಪ್ಪ ಮಡಿಕೆ ಕಾಣುವುದು ಅದರಿಂದ. ಕೈ ಎತ್ತಿದರೆ ತಿರುಚು ಬಿಚ್ಚಿಕೊಂಡು ಸ್ನಾಯು ಹಾಳೆಯಂತೆ ಹರಡುತ್ತದೆ. ಕೈ ಇಳಿಬಿಟ್ಟ ಫೋಟೋ ನೋಡಿ, ಕೈ ಅಗಲಿಸಿ ನಿಂತ ಮಾಡೆಲ್ ಮಾಡುವವರು ಬೀಳುವ ಹಳ್ಳ ಇದೇ. ಮಾಡೆಲ್ ಯಾವ ಭಂಗಿಯಲ್ಲಿದೆಯೋ ಅದೇ ಭಂಗಿಯ ರೆಫರೆನ್ಸ್ ಫೋಟೋ ಹುಡುಕಿ.

ಮುಖದಲ್ಲಿ ಎಲ್ಲರೂ ಮಾಡುವ ತಪ್ಪು ಯಾವುದು?

ಕಣ್ಣನ್ನು ಮೇಲಕ್ಕೆ ಇಡುವುದು. ಕಣ್ಣು ಇರುವುದು ಇಡೀ ತಲೆಯ ನಡುವೆ. ಗಲ್ಲದಿಂದ ನೆತ್ತಿವರೆಗೆ ಅಳೆದು ಅರ್ಧ ಮಾಡಿ, ಅಲ್ಲಿಗೆ ಬರುತ್ತದೆ. ನಮ್ಮ ಗಮನವೆಲ್ಲ ಕಣ್ಣು, ಮೂಗು, ಬಾಯಿ ಮೇಲಿರುವುದರಿಂದ ಹಣೆ ಮತ್ತು ಬುರುಡೆಗೆ ಜಾಗ ಉಳಿಸುವುದಿಲ್ಲ. ತಲೆಯ ಹಿಂಭಾಗವೂ ಹಾಗೆಯೇ ಬಡಪಾಯಿ. ಪಕ್ಕದಿಂದ ನೋಡಿದರೆ ಕಿವಿ ನಡುಗೆರೆಯ ಸ್ವಲ್ಪ ಹಿಂದೆ, ಹುಬ್ಬಿನ ಮಟ್ಟದಿಂದ ಮೂಗಿನ ಬುಡದ ಮಟ್ಟದವರೆಗೆ ಇರಬೇಕು.

ಎರಡನೆಯದು ಕಣ್ಣುಗುಡ್ಡೆ. ವಯಸ್ಕರ ಕಣ್ಣುಗುಡ್ಡೆ ಸುಮಾರು 24 ಮಿಲಿಮೀಟರ್. ಈ ಅಳತೆ ಒಬ್ಬರಿಂದ ಒಬ್ಬರಿಗೆ ಹೆಚ್ಚು ಬದಲಾಗುವುದಿಲ್ಲ. ದೊಡ್ಡ ಕಣ್ಣು, ಚಿಕ್ಕ ಕಣ್ಣು ಅನ್ನುವುದೆಲ್ಲ ಬಹುಪಾಲು ರೆಪ್ಪೆಯ ಆಟ. ಮೊದಲು ಗೋಳ ಕೂರಿಸಿ, ಆಮೇಲೆ ರೆಪ್ಪೆಯನ್ನು ಬಟ್ಟೆಯಂತೆ ಹೊದಿಸಿ. ರೆಪ್ಪೆಗೆ ದಪ್ಪ ಇದೆ ಅನ್ನುವುದೂ ನೆನಪಿರಲಿ. ಮೇಲಿಂದ ನೋಡಿದರೆ ಕಣ್ಣಿನ ಹೊರಮೂಲೆ ಒಳಮೂಲೆಗಿಂತ ಸಾಕಷ್ಟು ಹಿಂದಿರಬೇಕು. ತುಟಿಯೂ ಹಾಗೆ, ಹಲ್ಲಿನ ಕಮಾನಿನ ಮೇಲೆ ಬಾಗಿರುತ್ತದೆ. ಮಾಡೆಲನ್ನು ನೆತ್ತಿಯಿಂದ, ಗಲ್ಲದ ಕೆಳಗಿನಿಂದ ನೋಡುವ ಅಭ್ಯಾಸ ಇಲ್ಲದವರಿಗೆ ಇದು ಗೊತ್ತಾಗುವುದೇ ಇಲ್ಲ.

ನಗು ಮಾಡಿಸಿದರೆ ಹಲ್ಲು ಕಿರಿದ ಹಾಗೆ ಆಗುತ್ತದೆ.

ಬಾಯಿ ಮಾತ್ರ ನಗುತ್ತಿದೆ, ಅದಕ್ಕೆ. ಕೆನ್ನೆಯ ಮೂಳೆಯಿಂದ ಬಾಯಿ ಮೂಲೆಗೆ ಬರುವ ಸ್ನಾಯು ಮೂಲೆಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯುತ್ತದೆ. ಆಗ ಕೆನ್ನೆ ಗುಂಡಾಗಿ ಎದ್ದು ಕೆಳರೆಪ್ಪೆಯನ್ನು ತಳ್ಳುತ್ತದೆ. ನಿಜವಾದ ನಗುವಿನಲ್ಲಿ ಕಣ್ಣ ಸುತ್ತಲಿನ ಸ್ನಾಯುವೂ ಬಿಗಿಯುತ್ತದೆ. ಮನೋವಿಜ್ಞಾನಿಗಳಾದ ಪಾಲ್ ಎಕ್ಮನ್ ಮತ್ತು ವಾಲೆಸ್ ಫ್ರೀಸೆನ್ 1978ರಲ್ಲಿ ಮುಖದ ಚಲನೆಗಳಿಗೆಲ್ಲ ನಂಬರ್ ಕೊಟ್ಟು ಒಂದು ಪದ್ಧತಿ ತಂದರು. ಅದರಲ್ಲಿ ಬಾಯಿ ಮೂಲೆ ಎತ್ತುವುದು 12, ಕಣ್ಣ ಸುತ್ತಲಿನ ಸ್ನಾಯು ಬಿಗಿದು ಕೆನ್ನೆ ಎತ್ತುವುದು 6. 12 ಒಂದೇ ಮಾಡಿದರೆ ಮುಲಾಜಿನ ನಗು, 6 ಸೇರಿದರೆ ಮನಸಾರೆ ನಗು. ಮುಖದ ಆನಿಮೇಷನ್ ಮಾಡುವವರು ಈ ನಂಬರ್‌ಗಳಲ್ಲೇ ಮಾತಾಡುತ್ತಾರೆ, ಕಲಿತರೆ ನಷ್ಟ ಇಲ್ಲ.

ನನ್ನ ಮಾಡೆಲ್ ಬಲೂನು ಗೊಂಚಲಿನ ಥರ ಕಾಣುತ್ತದೆ ಅನ್ನುತ್ತಾರೆ.

ಸ್ನಾಯು ಕಲಿತ ಹೊಸದರಲ್ಲಿ ಎಲ್ಲರಿಗೂ ಬರುವ ಕಾಯಿಲೆ. ಕಲಿತದ್ದನ್ನೆಲ್ಲ ತೋರಿಸಬೇಕು ಅನ್ನುವ ಹುಮ್ಮಸ್ಸು! ಒಂದು ಸ್ನಾಯು ಬಿಗಿದರೆ ಅದರ ಎದುರಿನದು ಸಾಮಾನ್ಯವಾಗಿ ಸಡಿಲಾಗುತ್ತದೆ. ಮೊಣಕೈ ಮಡಚಿದಾಗ ಮುಂದಿನ ಬೈಸೆಪ್ಸ್ ಗುಂಡಾಗುತ್ತದೆ, ಹಿಂದಿನ ಟ್ರೈಸೆಪ್ಸ್ ಎಳೆದುಕೊಂಡು ಚಪ್ಪಟೆಯಾಗುತ್ತದೆ. ಎರಡನ್ನೂ ಉಬ್ಬಿಸಿದರೆ ಆ ಪಾತ್ರ ಏನು ಮಾಡುತ್ತಿದೆ ಅಂತಲೇ ತಿಳಿಯುವುದಿಲ್ಲ.

ಪ್ರತಿ ಸ್ನಾಯುವಿನ ಸುತ್ತ ಕೊರೆದು ಗೆರೆ ಎಳೆಯಬೇಡಿ. ಒಂದು ಕಡೆ ಅಂಚು ಚೂಪಾಗಿರಲಿ, ಇನ್ನೊಂದು ಕಡೆ ಕರಗಿ ಹೋಗಲಿ. ಆಮೇಲೆ ಸ್ಮೂತ್ ಬ್ರಷ್ ಹಿಡಿದು ಮಾಡಿದ್ದರಲ್ಲಿ ಅರ್ಧ ಅಳಿಸಿ. ಅಳಿಸಿದ್ದು ವ್ಯರ್ಥ ಅನಿಸುತ್ತದೆ, ಆದರೆ ಚರ್ಮ, ಕೊಬ್ಬು ಅಂತ ಮೇಲೆ ಒಂದು ಹೊದಿಕೆ ಇದೆ ಅನ್ನುವುದು ಕಾಣುವುದೇ ಆಗ.

ಹೆಣ್ಣಿನ ದೇಹಕ್ಕೆ ಬೇರೆ ದೇಹರಚನೆ ಓದಬೇಕಾ?

ಮೂಳೆ, ಸ್ನಾಯು ಎಲ್ಲ ಅವೇ, ಪ್ರಮಾಣ ಬೇರೆ. ಸರಾಸರಿಯಲ್ಲಿ ಸೊಂಟದ ಮೂಳೆ ಅಗಲ, ಗಿಡ್ಡ. ಎದೆಗೂಡು ಕಿರಿದು. ಚರ್ಮದಡಿಯ ಕೊಬ್ಬು ಜಾಸ್ತಿ, ತೊಡೆಯ ಮೇಲ್ಭಾಗದಲ್ಲಿ ಅದು ಸೇರಿಕೊಳ್ಳುವುದರಿಂದ ಅಗಲದ ಜಾಗ ಸ್ವಲ್ಪ ಕೆಳಗೆ ಬರುತ್ತದೆ. ಸ್ತನಗಳು ಎದೆ ಸ್ನಾಯುವಿನ ಮೇಲೆ, ಬಾಗಿದ ಎದೆಗೂಡಿನ ಮೇಲೆ ಕೂತಿರುತ್ತವೆ. ಹಾಗಾಗಿ ನೇರ ಮುಂದಕ್ಕಲ್ಲ, ಸ್ವಲ್ಪ ಹೊರಮುಖವಾಗಿ ಇರುತ್ತವೆ. ಭಾರಕ್ಕೆ ಕೆಳಗೆ ತುಂಬಿಕೊಳ್ಳುತ್ತವೆ. ಎರಡು ಗೋಳ ತಂದು ಅಂಟಿಸಿದರೆ ಎರಡು ಗೋಳ ಅಂಟಿಸಿದಂತೆಯೇ ಕಾಣುತ್ತದೆ.

ಕೈಬೆರಳು ಬರುವುದೇ ಇಲ್ಲ!

ಬೆರಳಿನೊಳಗೆ ಸ್ನಾಯುವಿನ ಉಬ್ಬು ಇಲ್ಲ. ಬೆರಳು ಮಡಚುವ ದೊಡ್ಡ ಸ್ನಾಯುಗಳು ಮುಂಗೈಯಲ್ಲಿ ಕೂತು ಹುರಿಯಿಂದ ಎಳೆಯುತ್ತವೆ. ಹಾಗಾಗಿ ಹಿಂಬದಿಯಲ್ಲಿ ಮೂಳೆಯ ಆಕಾರ ಇರಲಿ, ಅಂಗೈ ಬದಿಯಲ್ಲಿ ಮೆತ್ತೆಗಳಿರಲಿ. ಬೆರಳು ಹಿಂದಿನಿಂದ ಉದ್ದ, ಅಂಗೈ ಕಡೆಯಿಂದ ಗಿಡ್ಡ ಕಾಣುತ್ತದೆ. ಯಾಕೆಂದರೆ ಅಂಗೈ ಕಡೆಯ ಮೊದಲ ಗೆರೆ ಗೆಣ್ಣಿನ ನೇರಕ್ಕಿಲ್ಲ, ಮೊದಲ ಬೆರಳ ಮೂಳೆಯ ನಡುಭಾಗದ ಹತ್ತಿರ ಇದೆ. ಗೆಣ್ಣುಗಳು ಸಾಲಾಗಿ ನೇರ ಗೆರೆಯಲ್ಲಿಲ್ಲ, ಕಮಾನಿನಲ್ಲಿವೆ. ಹೆಬ್ಬೆರಳಿನ ಉಗುರು ಉಳಿದ ಉಗುರುಗಳ ದಿಕ್ಕಿಗೆ ನೋಡುವುದಿಲ್ಲ. ಇಷ್ಟು ಸಾಕು, ಉಳಿದದ್ದು ಅಭ್ಯಾಸ. ನೋಡಿ ಮಾಡುವುದಕ್ಕೆ ನಿಮ್ಮ ಕೈಯೇ ಯಾವಾಗಲೂ ಹತ್ತಿರ ಇದೆ, ಬಾಡಿಗೆಯೂ ಇಲ್ಲ.

ಕಾಲಿಗೆ ಏನಾದರೂ ಸುಲಭದ ಸೂತ್ರ?

ಎರಡು ಓರೆ ನೆನಪಿಡಿ. ಮೀನಖಂಡದಲ್ಲಿ ಹೊರಗಿನ ಉಬ್ಬು ಮೇಲೆ, ಒಳಗಿನದು ಕೆಳಗೆ. ಕಣಕಾಲಿನ ಗಿಣ್ಣಿನಲ್ಲಿ ಉಲ್ಟಾ: ಒಳಗಿನದು ಮೇಲೆ, ಹೊರಗಿನದು ಕೆಳಗೆ. ತೊಡೆಮೂಳೆ ನೆಟ್ಟಗೆ ಇಳಿಯುವುದಿಲ್ಲ, ಮಂಡಿಯ ಕಡೆಗೆ ಒಳಕ್ಕೆ ವಾಲುತ್ತದೆ.

ಯಾವ ಸಾಫ್ಟ್‌ವೇರ್ ಒಳ್ಳೆಯದು?

ಕೈಗೆ ಸಿಕ್ಕಿದ್ದು. ಬ್ಲೆಂಡರ್ ಉಚಿತ. ಝೀಬ್ರಷ್ ಈ ಕೆಲಸಕ್ಕೇ ಹುಟ್ಟಿದ್ದು. ಟ್ಯಾಬ್ಲೆಟ್‌ನಲ್ಲಿ ನೊಮ್ಯಾಡ್ ಇದೆ. ಮೊಣಕೈ ಎಲ್ಲಿದೆ ಅಂತ ಮೂರಕ್ಕೂ ಗೊತ್ತಿಲ್ಲ.

ಡೀಟೇಲ್ ಯಾವಾಗ ಹಾಕಬೇಕು?

ನೀವು ಅಂದುಕೊಂಡಿದ್ದಕ್ಕಿಂತ ತಡವಾಗಿ. ಮಾಡೆಲ್‌ನ ಮೇಲ್ಮೈ ಪಾಲಿಗಾನ್ ಅನ್ನುವ ಪುಟ್ಟ ಚಪ್ಪಟೆ ತುಂಡುಗಳಿಂದ ಆಗಿರುತ್ತದೆ. ಒಂದು ಸಲ ಸಬ್‌ಡಿವೈಡ್ ಮಾಡಿದರೆ, ಅಂದರೆ ಪ್ರತಿ ತುಂಡನ್ನೂ ಇನ್ನಷ್ಟು ಚಿಕ್ಕದಾಗಿ ಒಡೆದರೆ, ಪಾಲಿಗಾನ್ ನಾಲ್ಕು ಪಟ್ಟು ಆಗುತ್ತದೆ. 2,000 ಪಾಲಿಗಾನ್ ಇದ್ದದ್ದು ಐದೇ ಸಲಕ್ಕೆ 20 ಲಕ್ಷ ದಾಟುತ್ತದೆ. ಆಮೇಲೆ ಭುಜ ಅಗಲ ಮಾಡಬೇಕು ಅನಿಸಿದರೆ ಮೇಲ್ಮೈಯೆಲ್ಲ ಗುಡ್ಡ ಹಳ್ಳ. ತಲೆ, ಎದೆಗೂಡು, ಸೊಂಟ ಅನ್ನುವ ಮೂರು ಗಟ್ಟಿ ತುಂಡುಗಳು ಸರಿಯಾದ ಜಾಗದಲ್ಲಿ, ಸರಿಯಾದ ಓರೆಯಲ್ಲಿ ಕೂತಿವೆಯೇ ಅಂತ ಕಡಿಮೆ ಪಾಲಿಗಾನ್‌ನಲ್ಲೇ ನೋಡಿಕೊಳ್ಳಿ.

ಎಕೋರ್ಶೆ ಮಾಡಲೇಬೇಕಾ?

ಚರ್ಮ ತೆಗೆದ ಹಾಗೆ ಸ್ನಾಯುಗಳನ್ನು ತೋರಿಸುವ ಶಿಲ್ಪಕ್ಕೆ ಎಕೋರ್ಶೆ ಅನ್ನುತ್ತಾರೆ. ಫ್ರೆಂಚ್ ಶಿಲ್ಪಿ ಊದೋನ್ 1767ರಲ್ಲಿ ಮಾಡಿದ್ದರ ಅಚ್ಚುಗಳನ್ನು ಕಲಾಶಾಲೆಗಳು ಪಾಠಕ್ಕೆ ಬಳಸುತ್ತಾ ಬಂದಿವೆ. ಜೀವಮಾನದಲ್ಲಿ ಒಂದು ಸಲವಾದರೂ ಮಾಡಿ. ಅಸ್ಥಿಪಂಜರದ ಮೇಲೆ ಒಂದೊಂದೇ ಸ್ನಾಯುವನ್ನು ಬೇರೆ ತುಂಡಾಗಿ ಅಂಟಿಸುತ್ತಾ ಹೋದರೆ ಪುಸ್ತಕದಲ್ಲಿ ಹತ್ತು ಸಲ ಓದಿದ್ದು ಅಲ್ಲಿ ಒಂದೇ ಸಲಕ್ಕೆ ತಲೆಗೆ ಹೋಗುತ್ತದೆ. ಪೂರ್ತಿ ದೇಹ ಭಾರ ಅನಿಸಿದರೆ ಒಂದು ತೋಳು ಮಾಡಿ. ನನ್ನದು ಮಂಡಿಯವರೆಗೆ ಬಂದು ನಿಂತು ಎರಡು ವರ್ಷ ಆಯಿತು, ಅದು ಬೇರೆ ಮಾತು.

ನಾನು ಮಾಡುವುದು ರಾಕ್ಷಸರು, ಕಾರ್ಟೂನ್ ಪಾತ್ರಗಳು. ನನಗೂ ಇದು ಬೇಕಾ?

ನಿಮಗೇ ಜಾಸ್ತಿ ಬೇಕು. ನಾಲ್ಕು ಕೈಯ ರಾಕ್ಷಸನಿಗೆ ಕೆಳಗಿನ ಜೋಡಿ ಎಲ್ಲಿಂದ ಹುಟ್ಟಬೇಕು? ಅವಕ್ಕೆ ಇನ್ನೊಂದು ಜೋಡಿ ಸ್ಕ್ಯಾಪುಲಾ ಬೇಕು, ಅವು ಜಾರಲು ಉದ್ದದ ಎದೆಗೂಡು ಬೇಕು. ಇದನ್ನು ಯೋಚಿಸಿದ ರಾಕ್ಷಸ ಭಯ ಹುಟ್ಟಿಸುತ್ತಾನೆ. ಪಕ್ಕೆಗೆ ಎರಡು ಕೈ ಸಿಕ್ಕಿಸಿಕೊಂಡವನು ನಗು ತರಿಸುತ್ತಾನೆ. ಕಾರ್ಟೂನ್‌ನಲ್ಲಿ ನೂರು ರೂಪಗಳನ್ನು ನಾಲ್ಕಕ್ಕೆ ಇಳಿಸಬೇಕು. ಯಾವ ನಾಲ್ಕು ಉಳಿಸಬೇಕು ಅಂತ ಗೊತ್ತಾಗಬೇಕಾದರೆ ನೂರರ ಪರಿಚಯ ಇರಬೇಕು.

ಎಡಬಲ ಒಂದೇ ಥರ ಇರುವಂತೆ ಸಿಮಿಟ್ರಿ ಹಾಕಿಕೊಂಡು ಮಾಡಬಹುದಾ?

ಶುರುವಿಗೆ ಮಾಡಿ, ಕೊನೆಗೆ ಬಿಡಿ. ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತರೆ ಆ ಕಡೆಯ ಸೊಂಟ ಮೇಲೇಳುತ್ತದೆ, ಅದೇ ಕಡೆಯ ಭುಜ ಇಳಿಯುತ್ತದೆ. ಕನ್ನಡಿ ಮುಂದೆ ನಿಂತು ನೋಡಿ. ಮುಖದಲ್ಲೂ ಕೊನೆಗೆ ಹುಬ್ಬು, ಬಾಯಿ ಮೂಲೆ ಸ್ವಲ್ಪ ಅಲುಗಾಡಿಸಿ.

ಎಲ್ಲ ಸರಿ ಮಾಡಿದ್ದೇನೆ, ಆದರೂ ಏನೋ ತಪ್ಪಿದೆ. ಏನು ಅಂತ ಗೊತ್ತಾಗುತ್ತಿಲ್ಲ.

ಮೊದಲು ಕ್ಯಾಮೆರಾ ನೋಡಿ. ಹತ್ತಿರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದಂತೆ ಕಾಣುತ್ತದೆ. ಅದನ್ನು ಪರ್ಸ್ಪೆಕ್ಟಿವ್ ಇಲ್ಲದ, ಅಂದರೆ ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು ಅಂತ ತೋರಿಸದ ವ್ಯೂನಲ್ಲಿಟ್ಟು ನಕಲು ಮಾಡಿದರೆ ಮುಖ ಯಾವತ್ತೂ ಹೊಂದುವುದಿಲ್ಲ. ಮುಖಕ್ಕೆ ಸಾಫ್ಟ್‌ವೇರ್‌ನ ಕ್ಯಾಮೆರಾದಲ್ಲಿ 85 ಮಿಲಿಮೀಟರ್ ಆಸುಪಾಸಿನ ಲೆನ್ಸ್ ಇಟ್ಟುಕೊಳ್ಳಿ, ರೆಫರೆನ್ಸ್ ಕೂಡ ದೂರದಿಂದ ತೆಗೆದದ್ದೇ ಇರಲಿ.

ಆಮೇಲೆ ಮಾಡೆಲ್‌ಗೆ ಕಪ್ಪು ಬಣ್ಣ ತುಂಬಿ ಹೊರಗೆರೆ ಮಾತ್ರ ನೋಡಿ. ಚಿತ್ರವನ್ನು ಎಡಬಲ ತಿರುಗಿಸಿ ನೋಡಿ. ಬೆಳಕನ್ನು ಕೆಳಗಿನಿಂದ ಬಿಟ್ಟು ನೋಡಿ. ಇಷ್ಟಾದರೂ ಸಿಗದಿದ್ದರೆ ಫೈಲ್ ಮುಚ್ಚಿ ಮಲಗಿ. ಬೆಳಿಗ್ಗೆ ತೆರೆದ ಮೊದಲ ಎರಡು ಸೆಕೆಂಡಿನಲ್ಲಿ ಕಣ್ಣಿಗೆ ಚುಚ್ಚುತ್ತದಲ್ಲ, ಅದೇ ತಪ್ಪು. ಮೂರನೇ ಸೆಕೆಂಡಿಗೆ ಕಣ್ಣು ಒಗ್ಗಿಕೊಳ್ಳುತ್ತದೆ. ಅಷ್ಟರೊಳಗೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ.